ಹೆಸರಿನಲ್ಲಿ ಕನ್ನಡ, ವರ್ಗದಲ್ಲಿ 'ಕೆ-ಎನ್': ಮುಕ್ತ ತಂತ್ರಾಂಶ ಸಮುದಾಯದ ನಾಮಕರಣ ಮತ್ತು ವರ್ಗೀಕರಣದ ವಿಮರ್ಶೆ

ಸಾರಾಂಶ: ಕನ್ನಡದ ಮುಕ್ತ ತಂತ್ರಾಂಶ ಸಮುದಾಯವು ತನ್ನ ಯೋಜನೆಗಳಿಗೆ ಹೆಸರಿಡುವಾಗ ಭಾಷೆಯ ಸಂಪತ್ತನ್ನು ಧಾರಾಳವಾಗಿ ಬಳಸಿಕೊಂಡಿದೆ. ಅವುಗಳನ್ನು ವರ್ಗೀಕರಿಸುವಾಗ ಮಾತ್ರ ಹೊರಗಿನಿಂದ ಬಂದ ಸಂಕೇತಗಳನ್ನು ಪರಿಶೀಲಿಸದೆ ಒಪ್ಪಿಕೊಂಡಿದೆ. ಈ ಅಸಮತೆಯಿಂದ ಪ್ರಾದೇಶಿಕ ಕನ್ನಡಗಳು ಹುಡುಕಿದರೂ ಸಿಗದಂತಾಗುತ್ತವೆ ಎಂಬುದನ್ನು ಕೊಪ್ಪಳ ಜಿಲ್ಲೆಯ ಭಾಷಾಸನ್ನಿವೇಶವನ್ನು ಮುಂದಿಟ್ಟುಕೊಂಡು ಇಲ್ಲಿ ಚರ್ಚಿಸಲಾಗಿದೆ.

ಮುಖ್ಯಪದಗಳು: ನಾಮವಿಜ್ಞಾನ, ಭಾಷಾಸಂಕೇತ, ಉಪಭಾಷೆ, ಮುಕ್ತ ತಂತ್ರಾಂಶ, ಕೊಪ್ಪಳ

1. ಹೆಸರುಗಳ ಬಗೆ

ಕನ್ನಡದ ಮುಕ್ತ ಯೋಜನೆಗಳ ಹೆಸರುಗಳಲ್ಲಿ ಮೂರು ಮಾದರಿಗಳು ಎದ್ದು ಕಾಣುತ್ತವೆ. ಮೊದಲನೆಯದು ಪ್ರಕೃತಿಮೂಲದ ಹೆಸರುಗಳು. 'ಕೇದಗೆ', 'ಮಲ್ಲಿಗೆ', 'ಗುಬ್ಬಿ', 'ನವಿಲು' ಎಂಬ ಫಾಂಟುಗಳು ಇದಕ್ಕೆ ಉದಾಹರಣೆ. ಇಲ್ಲಿ ಹೆಸರಿಗೂ ವಸ್ತುವಿಗೂ ಅರ್ಥಸಂಬಂಧವಿಲ್ಲ. ಆದರೆ ಹೂವಿನ ಪಕ್ಕ ಹೂವು, ಹಕ್ಕಿಯ ಪಕ್ಕ ಹಕ್ಕಿ ನಿಂತು ಒಂದು ಶ್ರೇಣಿ ಏರ್ಪಡುತ್ತದೆ. ಎರಡನೆಯದು ಸಮಾಸಮಾದರಿ. 'ವಚನ ಸಂಚಯ', 'ದಾಸ ಸಾಹಿತ್ಯ ಸಂಚಯ', 'ಪುಸ್ತಕ ಸಂಚಯ' ಎಂಬಲ್ಲಿ ಉತ್ತರಪದ ವರ್ಗವನ್ನೂ ಪೂರ್ವಪದ ಆ ವರ್ಗದ ಸದಸ್ಯನನ್ನೂ ಸೂಚಿಸುತ್ತದೆ. ವರ್ಗೀಕರಣದ ಕೆಲಸವನ್ನು ಹೆಸರೇ ಮಾಡಿ ಮುಗಿಸುತ್ತದೆ. ಮೂರನೆಯದು ಹಳಗನ್ನಡದಿಂದ ಎತ್ತಿಕೊಂಡ ಹೆಸರು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಿದ್ಧಪಡಿಸಿದ, ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ 'ಅಲರ್' ಎಂಬ ಹೆಸರಿನಲ್ಲಿ ಹೊರಬಂದಿತು. ಬಳಕೆಯಿಂದ ಮರೆಯಾದ ಪದವೊಂದು ಅದರಿಂದ ಮತ್ತೆ ಚಲಾವಣೆಗೆ ಬಂದಿತು.

ಇವುಗಳಿಗಿಂತ ಕುತೂಹಲಕರವಾದುದು 'ಕಗಪ'. ಇದು ಕನ್ನಡ ಗಣಕ ಪರಿಷತ್ತಿನ ಹ್ರಸ್ವರೂಪ. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಗೆ ಆ ಸಂಸ್ಥೆಯ ಹೆಸರು ಅಂಟಿಕೊಂಡಿತು. ಲಿನಕ್ಸ್ ವ್ಯವಸ್ಥೆಗಳ ಕೀಲಿಮಣೆ ಪಟ್ಟಿಯಲ್ಲಿ ಇಂದು ಕನ್ನಡದ ಜೊತೆಗೆ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಭಾಷೆಗಳಿಗೂ 'ಕಗಪ' ವಿನ್ಯಾಸಗಳಿವೆ. 'ಕನ್ನಡ' ಎಂಬ ಪದವನ್ನೇ ಒಳಗೊಂಡಿದ್ದ ಅಂಕಿತನಾಮ ತನ್ನ ಮೂಲಾರ್ಥವನ್ನು ಕಳಚಿಕೊಂಡು, ಬೇರೆ ಭಾಷೆಗಳಿಗೂ ಸಲ್ಲುವ ರೂಢನಾಮವಾಗಿದೆ. ಅಂಕಿತವು ರೂಢವಾಗುವ ಪ್ರಕ್ರಿಯೆಗೆ ಇಷ್ಟು ಸ್ಪಷ್ಟವಾದ ಸಮಕಾಲೀನ ನಿದರ್ಶನ ಕನ್ನಡದಲ್ಲಿ ಅಪರೂಪ.

2. ಸಂಕೇತಗಳ ಬಗೆ

ಹೆಸರಿನಲ್ಲಿ ಕಾಣುವ ಈ ಎಚ್ಚರ ವರ್ಗೀಕರಣದಲ್ಲಿ ಕಾಣುವುದಿಲ್ಲ. ಯೋಜನೆಯೊಂದನ್ನು ಯಂತ್ರ ಹುಡುಕುವುದು ಅದರ ಸುಂದರ ಹೆಸರಿನಿಂದಲ್ಲ, ಸಂಕೇತದಿಂದ. ಎರಡು ಸಂಕೇತಗಳು ಮುಖ್ಯ: ಲಿಪಿಯನ್ನು ಸೂಚಿಸುವ 'ಕೆ-ಎನ್-ಡಿ-ಎ' ಮತ್ತು ಭಾಷೆಯನ್ನು ಸೂಚಿಸುವ 'ಕೆ-ಎನ್'. ಡೆಬಿಯನ್ ವ್ಯವಸ್ಥೆ ತನ್ನ ಕನ್ನಡ ಫಾಂಟುಗಳ ಕಟ್ಟಿಗೆ ಲಿಪಿಸಂಕೇತವನ್ನು ಬಳಸುತ್ತದೆ. ಇದು ಸರಿಯಾದ ಕ್ರಮ. ಏಕೆಂದರೆ ಅದೇ ಲಿಪಿಯಲ್ಲಿ ತುಳು, ಕೊಡವ, ಕೊಂಕಣಿ, ಬ್ಯಾರಿಗಳನ್ನೂ ಬರೆಯುತ್ತಾರೆ. ತೊಡಕು ಹುಟ್ಟುವುದು ನಿಘಂಟು, ಪಠ್ಯಸಂಚಯ, ಧ್ವನಿಸಂಗ್ರಹಗಳ ವಿಷಯದಲ್ಲಿ. ಇವೆಲ್ಲಕ್ಕೂ 'ಕೆ-ಎನ್' ಒಂದೇ ಹಣೆಪಟ್ಟಿ.

ಭಾಷಾಸಂಕೇತವು ಸಹಜವಾದ ಸತ್ಯವಲ್ಲ, ಒಂದು ತೀರ್ಮಾನ ಎಂಬುದಕ್ಕೆ ಬಡಗ ಸಾಕ್ಷಿ. 2011ರ ಜನಗಣತಿ ಸುಮಾರು 1.33 ಲಕ್ಷ ಜನರ ಬಡಗವನ್ನು ಕನ್ನಡದ ಅಡಿಯಲ್ಲಿ ಬರುವ ಮಾತೃಭಾಷೆಯೆಂದು ಎಣಿಸಿತು. ಅಂತರರಾಷ್ಟ್ರೀಯ ಭಾಷಾಸಂಕೇತಪಟ್ಟಿಯಲ್ಲಾದರೋ ಬಡಗಕ್ಕೆ ಪ್ರತ್ಯೇಕ ಸಂಕೇತವಿದೆ. ಒಂದೇ ನುಡಿ ಒಂದು ಪಟ್ಟಿಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಹೀಗಿರುವಾಗ ಸಂಕೇತವನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದು ಬೇರೊಬ್ಬರ ಭಾಷಾವಿಶ್ಲೇಷಣೆಯನ್ನು ಓದದೆಯೇ ಒಪ್ಪಿಕೊಂಡಂತೆ.

3. ಕೊಪ್ಪಳವೆಂಬ ಪರೀಕ್ಷೆ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡನ್ನು ಗುರುತಿಸಲು ಬಳಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಇಂದಿನ ಕೊಪ್ಪಳದೊಂದಿಗೆ ಸಮೀಕರಿಸುತ್ತಾರೆ. ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ಲೆಕ್ಕ ಹಿಡಿಯಲು ವಾಸುಕಿಗೂ ಬೇಸರವಾದೀತೆಂದು ಹೇಳಿದ್ದೂ ಅದೇ ಕೃತಿ. 'ಕನ್ನಡ' ಎಂಬ ಒಂದೇ ಹೆಸರಿನೊಳಗೆ ಹಲವು ನುಡಿಗಳಿವೆ ಎಂಬ ಅರಿವು ನಮಗೆ ಹೊಸತೇನಲ್ಲ.

ಆಧುನಿಕ ಭಾಷಾವಿಜ್ಞಾನವೂ ಇದನ್ನು ಮರೆತಿರಲಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಅಧ್ಯಯನಗಳಿಗೆ 'ನಂಜನಗೂಡು ಕನ್ನಡ', 'ತಿಪಟೂರು ಕನ್ನಡ', 'ಗುಲ್ಬರ್ಗಾ ಕನ್ನಡ' ಎಂದೇ ಹೆಸರು. ಅಲ್ಲಿ ಶೀರ್ಷಿಕೆಯೇ ವರ್ಗ. ಆ ಶಿಸ್ತು ತಂತ್ರಾಂಶಲೋಕಕ್ಕೆ ದಾಟಿ ಬರಲಿಲ್ಲ.

ಇದರ ಪರಿಣಾಮ ಕ್ಷೇತ್ರದಲ್ಲಿ ಕಾಣುತ್ತದೆ. 'ಮನೆ' ಎಂಬುದು 'ಮನಿ' ಆಗುವ, 'ಮನೆಯಲ್ಲಿ' ಎಂಬುದು 'ಮನ್ಯಾಗ' ಆಗುವ ನುಡಿಯ ಧ್ವನಿಮುದ್ರಣವೂ, ಬೆಂಗಳೂರಿನ ಸುದ್ದಿವಾಚಕರ ಓದೂ 'ಕೆ-ಎನ್' ಎಂಬ ಒಂದೇ ಕಪಾಟಿಗೆ ಸೇರುತ್ತವೆ. ಅಂಥ ಕಪಾಟಿನಿಂದ ಕಲಿತ ಧ್ವನಿಗ್ರಾಹಕ ಯಂತ್ರವನ್ನು ಶಿಷ್ಟ ಲಿಖಿತರೂಪದ ಅಳತೆಗೋಲಿನಿಂದಲೇ ಅಳೆದರೆ 'ಮನ್ಯಾಗ' ಒಂದು ತಪ್ಪೆಂದು ಎಣಿಕೆಯಾಗುತ್ತದೆ. ಮಾತನಾಡಿದವರು ತಪ್ಪಿಲ್ಲ, ವರ್ಗ ತಪ್ಪಿದೆ.

ಜಿಲ್ಲೆಯ ಹೆಸರನ್ನು ಸೇರಿಸಿದರೆ ಸಾಕೇ? ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ಗೂಗಲ್‌ನ ಬೆಂಬಲದೊಂದಿಗೆ ಕೈಗೊಂಡ 'ವಾಣಿ' ಯೋಜನೆ ಜಿಲ್ಲೆಯನ್ನೇ ಧ್ವನಿಸಂಗ್ರಹದ ಘಟಕವಾಗಿಸಿಕೊಂಡಿದೆ. ಇದು ನಿಶ್ಚಯವಾಗಿಯೂ ಮುಂದಿನ ಹೆಜ್ಜೆ. ಆದರೆ ಜಿಲ್ಲೆ ಆಡಳಿತದ ಗಡಿಯೇ ಹೊರತು ನುಡಿಗಡಿಯಲ್ಲ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಅದರೊಳಗಿನ ಗಂಗಾವತಿ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ. ಅಲ್ಲಿನ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಭಾಷಿಕರೊಂದಿಗೆ ಕನ್ನಡಕ್ಕೆ ದಿನನಿತ್ಯದ ಸಂಪರ್ಕವಿದೆ. ಒಣಬೇಸಾಯದ ಕುಷ್ಟಗಿ ಮತ್ತು ಯಲಬುರ್ಗಾಗಳು ಬಾಗಲಕೋಟೆ, ಗದಗ ಜಿಲ್ಲೆಗಳತ್ತ ಮುಖ ಮಾಡಿವೆ. ಇದಲ್ಲದೆ ಉತ್ತರ ಕರ್ನಾಟಕದಲ್ಲಿ 'ಐತಿ', 'ಅದ' ಎಂಬ ರೂಪಗಳ ಆಯ್ಕೆ ಊರಿನೊಂದಿಗೆ ಸಮುದಾಯವನ್ನೂ ಅನುಸರಿಸುತ್ತದೆ. ನಕ್ಷೆಯ ಒಂದು ಚುಕ್ಕೆ ಇದನ್ನೆಲ್ಲ ಹಿಡಿಯಲಾರದು.

4. ಏನು ಮಾಡಬಹುದು?

ಒಂದೇ ಸಂಕೇತವನ್ನು ಸಮರ್ಥಿಸುವ ವಾದವೊಂದಿದೆ: ಸ್ವಯಂಸೇವಕರು ಕೆಲವೇ ಮಂದಿ, ವರ್ಗಗಳು ಹೆಚ್ಚಿದರೆ ಶ್ರಮ ಚದುರುತ್ತದೆ. ತಂತ್ರಾಂಶದ ಪರದೆಪಠ್ಯದ ಅನುವಾದಕ್ಕೆ ಈ ವಾದ ಸಲ್ಲುತ್ತದೆ. ಅಲ್ಲಿ ಒಂದು ಶಿಷ್ಟರೂಪ ಅನಿವಾರ್ಯ. ದತ್ತಾಂಶಕ್ಕೆ ಸಲ್ಲುವುದಿಲ್ಲ. ಅಲ್ಲಿ ವಿವರ ಸೇರಿಸುವುದು ಸಂಗ್ರಹವನ್ನು ಒಡೆಯುವುದಿಲ್ಲ, ಹುಡುಕಲು ದಾರಿ ಮಾಡಿಕೊಡುತ್ತದೆ.

ದಾರಿ ಈಗಾಗಲೇ ಇದೆ. ಅಂತರಜಾಲದ ಭಾಷಾಸಂಕೇತ ನಿಯಮಗಳು ಪ್ರಭೇದಗಳಿಗೆ ಉಪಸಂಕೇತಗಳನ್ನು ಅನುಮತಿಸುತ್ತವೆ. ಸ್ಲೊವೇನಿಯನ್ ಭಾಷೆಯ ರೆಸಿಯನ್ ಉಪಭಾಷೆಗೆ ಅಂಥದೊಂದು ನೋಂದಣಿಯಾಗಿದೆ. ನೋಂದಣಿಗೆ ಮುನ್ನ ಖಾಸಗಿ ಬಳಕೆಯ ಉಪಸಂಕೇತವನ್ನೂ ಸೇರಿಸಿಕೊಳ್ಳಬಹುದು. ಅದರ ಮಿತಿ ಎಂಟು ರೋಮನ್ ಅಕ್ಷರಗಳು. ಇಂದಿನ ರೂಢಿಯ ರೋಮನ್ ಬರಹದಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳು ಈ ಮಿತಿಯೊಳಗೆ ನಿಲ್ಲುತ್ತವೆ. ಒಂಬತ್ತು ಅಕ್ಷರಗಳ ಗಂಗಾವತಿ ಹೊರಗುಳಿಯುತ್ತದೆ, ಅದನ್ನು ಮೊಟಕುಗೊಳಿಸಬೇಕಾಗುತ್ತದೆ. ಸಿದ್ಧ ಸಂಕೇತವ್ಯವಸ್ಥೆ ಯಾರ ಅಳತೆಗೆ ಹೊಲಿದ ಅಂಗಿ ಎಂಬುದನ್ನು ಈ ಸಣ್ಣ ವಿವರವೇ ಹೇಳುತ್ತದೆ. ಆದ್ದರಿಂದ ಸಂಕೇತದ ಜೊತೆಗೆ ತಾಲ್ಲೂಕು, ಭಾಷಿಕರ ಮನೆಮಾತು, ತಮ್ಮ ನುಡಿಗೆ ಅವರೇ ಕೊಡುವ ಹೆಸರು—ಈ ಮೂರನ್ನಾದರೂ ಪ್ರತಿ ಧ್ವನಿಮುದ್ರಣದೊಂದಿಗೆ ಕನ್ನಡ ಲಿಪಿಯಲ್ಲೇ ದಾಖಲಿಸಬೇಕು.

ಇದರಲ್ಲಿ ಒಂದು ಅಪಾಯವೂ ಇದೆ. ಕೊಪ್ಪಳದ ಮಾತಿಗೆ ಮಾತ್ರ 'ಕೊಪ್ಪಳ ಕನ್ನಡ' ಎಂದು ಚೀಟಿ ಅಂಟಿಸಿ, ಬೆಂಗಳೂರು–ಮೈಸೂರಿನ ಮಾತನ್ನು ಬರಿಯ 'ಕನ್ನಡ' ಎಂದು ಬಿಟ್ಟರೆ ಹಳೆಯ ಶ್ರೇಣಿಯೇ ಹೊಸ ರೂಪದಲ್ಲಿ ಗಟ್ಟಿಯಾಗುತ್ತದೆ. ಗುರುತಿಲ್ಲದ ಪದ ಇಡೀ ವರ್ಗದ ಪ್ರತಿನಿಧಿಯಾಗಿಬಿಡುತ್ತದೆ ಎಂಬುದು ನಮ್ಮ ಶಾಸ್ತ್ರದ ಪ್ರಾಥಮಿಕ ಪಾಠ. ಚೀಟಿ ಅಂಟಿಸುವುದಾದರೆ ಎಲ್ಲ ನುಡಿಗಳಿಗೂ ಅಂಟಿಸಬೇಕು, ಮೊದಲು ಬೆಂಗಳೂರಿನದಕ್ಕೆ.