ನೆರೂಡನ ಒಂದು ಪುಟ

ಚಿಲಿಯ ಕವಿ ಪಾಬ್ಲೊ ನೆರೂಡ ತೀರಿಕೊಂಡ ಮರುವರ್ಷ, 1974ರಲ್ಲಿ ಹೊರಬಂದ ಅವನ ಆತ್ಮಕಥನದ ಗದ್ಯಕ್ಕೆ ಮನಸೋಲದೆ ಇರುವುದು ಕಷ್ಟ. ತೆಮುಕೊ ಊರಿನ ಬಿಡದ ಮಳೆ, ರೈಲ್ವೆಯಲ್ಲಿ ದುಡಿಯುತ್ತಿದ್ದ ಅಪ್ಪ, 1949ರಲ್ಲಿ ಪೊಲೀಸರ ಕಣ್ತಪ್ಪಿಸಿ ಕುದುರೆಯ ಮೇಲೆ ಆಂಡೀಸ್ ದಾಟಿದ್ದು, ಎಲ್ಲವೂ ಓದುವವರ ಮೈಗೆ ತಾಕುತ್ತವೆ. ಅದೇ ಕೈ ಕೊಲಂಬೊದ ಪುಟವನ್ನೂ ಬರೆದಿದೆ. ಆಗ ಅವನು ಅಲ್ಲಿ ಚಿಲಿಯ ಕಾನ್ಸುಲ್. ವೆಳ್ಳವತ್ತೆಯ ಅವನ ಮನೆಯ ಕಕ್ಕಸಿನ ಬಕೆಟ್ಟು ದಿನವೂ ಬೆಳಗಾಗುವಷ್ಟರಲ್ಲಿ ಬರಿದಾಗಿರುತ್ತಿತ್ತು. ಒಂದು ದಿನ ಬೇಗ ಎದ್ದವನಿಗೆ ಅದನ್ನು ಹೊರುವ ತಮಿಳು ಹೆಣ್ಣು ಕಂಡಳು, ಅಸ್ಪೃಶ್ಯ ಜಾತಿಯವಳು. ಇವನು ಹಣ್ಣು, ರೇಷ್ಮೆ ತಂದಿಟ್ಟ; ಅವಳು ತಿರುಗಿಯೂ ನೋಡಲಿಲ್ಲ. ಒಂದು ಬೆಳಿಗ್ಗೆ ಮಣಿಕಟ್ಟು ಬಿಗಿಯಾಗಿ ಹಿಡಿದು ಒಳಗೆ ಕರೆದೊಯ್ದ. ಅತ್ಯಾಚಾರ ಎಂಬ ಮಾತು ಅಲ್ಲಿಲ್ಲ. ಇರುವುದು ಸೀರೆಯ ಬಣ್ಣ, ಬಳೆ, ಶಿಲ್ಪದ ಹೋಲಿಕೆ.

ಬರಹ ಬೇರೆ, ಬರೆದವನು ಬೇರೆ ಎನ್ನುವವರಿದ್ದಾರೆ. ಕವಿತೆಯ ಮಟ್ಟಿಗೆ ಆ ವಾದ ನಿಲ್ಲಬಹುದು, ಬರೆದವನೇ ವಸ್ತುವಾದ ಆತ್ಮಕಥನದಲ್ಲಿ ನಿಲ್ಲುವುದಿಲ್ಲ. ನೆರೂಡನ ಮೇಲೆ ನನಗೆ ಹೇಸಿಕೆ ಹುಟ್ಟುವುದು ಹೊರಗಿನ ಸುದ್ದಿಯಿಂದಲ್ಲ, ಅವನ ವಾಕ್ಯಗಳಿಂದಲೇ. ಮಳೆಗೆ ಜೀವ ತುಂಬುವ ಉಪಮೆ ಇಲ್ಲಿ ಜೀವವಿರುವವಳನ್ನು ಕಲ್ಲು ಮಾಡುತ್ತದೆ. ಮಲ ಹೊರುವವಳನ್ನು ದೇವಿಯೆಂದು ಕರೆದು ಬಕೆಟ್ಟನ್ನು ಅವಳ ತಲೆಯ ಮೇಲೆಯೇ ಉಳಿಸುವುದು ಏನೆಂದು ಜಾತಿ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಉದ್ದಕ್ಕೂ ತೆರೆದೇ ಇದ್ದ ಅವಳ ಕಣ್ಣುಗಳನ್ನು ಬರೆಯದೆ ಬಿಡಲು ಅವನಿಂದಾಗಲಿಲ್ಲ. ಆ ಗಂಡಸು ಕಟ್ಟಿದ ಮರೆಯನ್ನು ಅವನೊಳಗಿನ ಬರಹಗಾರನೇ ಹರಿದಿದ್ದಾನೆ. ನಾನು ಮೆಚ್ಚುವುದು ಆ ಬರಹಗಾರನನ್ನು, ಮೆಚ್ಚಿದಷ್ಟೂ ಆ ಗಂಡಸು ಅಸಹ್ಯನಾಗುತ್ತಾನೆ.

ತಾನಾಗಿ ಒಪ್ಪಿಕೊಂಡನಲ್ಲ, ಅದು ಪ್ರಾಮಾಣಿಕತೆಯಲ್ಲವೇ ಎಂದು ಕೇಳಬಹುದು. ಅವಳು ತನ್ನನ್ನು ತಿರಸ್ಕರಿಸಿದ್ದು ಸರಿಯೆಂದು ಅವನು ಬರೆದಿರುವುದು ನಿಜ. ಅಷ್ಟಕ್ಕೇ ಮುಗಿಸಿ ಮುಂದಿನ ಕಥೆಗೆ ಹೋಗುತ್ತಾನೆ. ಅವಳಿಗೆ ಮುಂದೇನಾಯಿತು ಎಂಬ ಪ್ರಶ್ನೆ ಏಳುವುದೇ ಇಲ್ಲ. 2018ರಲ್ಲಿ ಸ್ಯಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಡುವ ಪ್ರಸ್ತಾಪವನ್ನು ಚಿಲಿಯ ಸ್ತ್ರೀವಾದಿಗಳು ವಿರೋಧಿಸಿದಾಗ ಎತ್ತಿ ತೋರಿಸಿದ್ದು ಇದೇ ಪುಟವನ್ನು. ಹೆಸರಿಡದಿರುವುದು ನ್ಯಾಯವೇ, ಆದರೆ ಪುಸ್ತಕ ಮುಚ್ಚಿಟ್ಟರೆ ಅವಳ ಪರವಾಗಿ ಉಳಿದ ಆ ಒಂದು ಸಾಕ್ಷ್ಯವೂ ಹೋಗುತ್ತದೆ. ಇನ್ನು ಪ್ರಾಮಾಣಿಕತೆ: ನೆರೂಡನಿಗೆ ಮಾಲ್ವಾ ಮರೀನಾ ಎಂಬ ಮಗಳಿದ್ದಳು. ತಲೆಯಲ್ಲಿ ನೀರು ತುಂಬುವ ಕಾಯಿಲೆಯೊಂದಿಗೆ 1934ರಲ್ಲಿ ಹುಟ್ಟಿ, ಎಂಟನೆಯ ವಯಸ್ಸಿನಲ್ಲಿ, ತಂದೆಯಿಂದ ದೂರ, ನೆದರ್ಲೆಂಡ್ಸಿನಲ್ಲಿ ತೀರಿಕೊಂಡಳು. ಆತ್ಮಕಥನದಲ್ಲಿ ಅವಳ ಹೆಸರೇ ಇಲ್ಲ.