ಕಡಿತಕ್ಕಿಂತ ಹಿಕ್ಕೆಯೇ ಕೇಡು

ಮಳೆ ಹಿಡಿದು ಮನೆಯೆಲ್ಲ ತೇವ ಆಡತೊಡಗಿದರೆ ಸಾಕು, ನಾಯಿಗಳ ಕೆರೆತ ಶುರುವಾಗುತ್ತದೆ. ಆಗ ಬಾಲದ ಬುಡದ ಕೂದಲನ್ನು ಹಿಮ್ಮುಖವಾಗಿ ಸರಿಸಿ ನೋಡಿ. ಚಿಗಟ ಕಣ್ಣಿಗೆ ಬೀಳುವುದೇ ಅಪರೂಪ. ಕಂಡರೂ ಬೆರಳಿಟ್ಟಾಗ ಅಲ್ಲಿರುವುದಿಲ್ಲ. ಕಾಣುವುದು ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಕಣಗಳು. ಹೇನು ತೆಗೆಯುವ ಬಾಚಣಿಗೆಯಿಂದ ಅವನ್ನು ಒದ್ದೆ ಹತ್ತಿಯ ಮೇಲೆ ಕೊಡವಿ. ಸುತ್ತ ಕೆಂಗಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ನಿಮ್ಮ ನಾಯಿಯದೇ ರಕ್ತ ಅರೆಬರೆ ಜೀರ್ಣವಾಗಿ ಒಣಗಿದ್ದು. ಮುಧೋಳದ ಗಿಡ್ಡ ಕೂದಲಲ್ಲಿ ಈ ಹುಡುಕಾಟ ಸಲೀಸು. ಪೊಮೇರಿಯನ್ ಸಾಕಿದವರಿಗೆ ತಾಳ್ಮೆ ಬೇಕು.

ಹಿಕ್ಕೆಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಮ್ಯೂರಿನ್ ಟೈಫಸ್ ಎಂಬ ಜ್ವರ ತರುವ ರಿಕೆಟ್ಸಿಯಾ ಟೈಫಿ ಎಂಬ ಬ್ಯಾಕ್ಟೀರಿಯಾ ಮುಖ್ಯವಾಗಿ ಇಲಿಯ ಚಿಗಟದಲ್ಲಿದ್ದರೂ, ಬೆಕ್ಕು ನಾಯಿಗಳ ಮೇಲಿನ ಚಿಗಟವೂ ಅದನ್ನು ಹೊರಬಲ್ಲದು. ಕಡಿದ ಜಾಗ ತುರಿಸುತ್ತದೆ, ನಾವು ಕೆರೆಯುತ್ತೇವೆ, ಚರ್ಮದ ಮೇಲಿದ್ದ ಹಿಕ್ಕೆ ಗೀರಿನೊಳಗೆ ಇಳಿಯುತ್ತದೆ. ಸೋಂಕು ಹೆಚ್ಚಾಗಿ ಮೈ ಸೇರುವುದು ಹೀಗೆ. ಬೆಕ್ಕು ಪರಚಿ ಬರುವ ಜ್ವರದ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಬೆಕ್ಕಿನ ಉಗುರಿಗೆ ಅಂಟುವುದು ಚಿಗಟದ ಹಿಕ್ಕೆಯಿಂದಲೇ. ಪ್ಲೇಗಿನ ದಾರಿ ಬೇರೆ: ಬ್ಯಾಕ್ಟೀರಿಯಾ ಚಿಗಟದ ಜಠರದ ಬಾಯಲ್ಲೇ ಗಡ್ಡೆಕಟ್ಟಿ, ಹೀರಿದ ರಕ್ತ ರೋಗಾಣುವಿನ ಸಮೇತ ಗಾಯಕ್ಕೇ ವಾಪಸಾಗುತ್ತದೆ. ಪ್ಲೇಗ್ ಹರಡುವುದು ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋನ್ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು 1898ರಲ್ಲಿ. ಅದೇ ವರ್ಷ ಬೆಂಗಳೂರಿಗೂ ಆ ಮಾರಿ ಬಡಿಯಿತು. ಅಲ್ಲಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದರ ಹಿಂದೆ ಆ ಭಯವೂ ಇದೆ.

ಇಷ್ಟಾಗಿಯೂ ನಮ್ಮವರು ನಾಯಿಗೆ ಒಂದು ಸ್ನಾನ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತದೆ. ಅವು ಕೂದಲಿಗೆ ಅಂಟುವುದಿಲ್ಲ, ನಾಯಿ ಮಲಗಿದಲ್ಲೆಲ್ಲ ಉದುರುತ್ತವೆ. ಮರಿಹುಳು ಚಾಪೆಯ ಸಂದಿ, ಸೋಫಾದ ಮೂಲೆ ಸೇರಿ, ಮೇಲಿಂದ ಬಿದ್ದ ಅದೇ ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಸುಮ್ಮನಿರಬಲ್ಲದು; ಹೆಜ್ಜೆಯ ಅದುರು, ಮೈಯ ಬಿಸಿ ತಾಗಿದೊಡನೆ ಹೊರಬೀಳುತ್ತದೆ. ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ತಕ್ಷಣ ಕಚ್ಚಿಸಿಕೊಳ್ಳುವುದು ಈ ಕಾರಣಕ್ಕೆ.

ಹಾಗಾಗಿ ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ, ಮಂಚದಡಿ, ಸೋಫಾದ ಸಂದಿಗಳಿಗೆ ವ್ಯಾಕ್ಯೂಮ್ ಹಿಡಿಯಿರಿ. ಪಶುವೈದ್ಯರು ಹೇಳಿದ ಔಷಧವನ್ನು ಮನೆಯ ಎಲ್ಲ ಸಾಕುಪ್ರಾಣಿಗಳಿಗೂ, ಅವರು ಹೇಳಿದಷ್ಟು ತಿಂಗಳು, ತಪ್ಪದೆ ಕೊಡಿ. ಆದರೆ ಪರ್ಮೆತ್ರಿನ್ ಇರುವ ನಾಯಿಯ ಔಷಧವನ್ನು ಬೆಕ್ಕಿಗೆ ಹಚ್ಚಲೇಬೇಡಿ, ಅದರ ಜೀವಕ್ಕೇ ಅಪಾಯ. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ತಲೆನೋವು, ಮೈಮೇಲೆ ಕೆಂಪು ಗುಳ್ಳೆ ಕಂಡರೆ ನಾಯಿಗೆ ಚಿಗಟವಿದ್ದ ವಿಷಯವನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. ಟೈಫಸ್ ಎಂಬ ಅನುಮಾನ ಬಂದರೆ ಡಾಕ್ಸಿಸೈಕ್ಲಿನ್ ಬೇಗ ಶುರುಮಾಡಬಹುದು, ನೀವು ಹೇಳದಿದ್ದರೆ ಆ ಅನುಮಾನವೇ ಬರಲಿಕ್ಕಿಲ್ಲ.