ಗಾಳಿಯ ಬಿಸಿ ಬೇರೆ, ಬೀಜದ ಬಿಸಿ ಬೇರೆ

ರಾಣೆಬೆನ್ನೂರು ಸೀಮೆಯ ಹೈಬ್ರಿಡ್ ತರಕಾರಿ ಬೀಜ ಕೈಕೆಲಸದ ಫಲ. ಟೊಮೆಟೊ, ಮೆಣಸಿನ ಗಿಡಗಳ ಒಂದೊಂದು ಮೊಗ್ಗಿನ ಕೇಸರ ಕಿತ್ತು, ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳ ದುಡಿಮೆ ಅದರಲ್ಲಿದೆ. ಅಂಥ ಬೀಜ ಡ್ರೈಯರ್‌ನಲ್ಲಿ ಮಿತಿಮೀರಿ ಕಾದರೆ ನೋಟಕ್ಕೆ ಏನೂ ತಿಳಿಯದು. ಮೊಳಕೆ ಪರೀಕ್ಷೆಯ ದಿನವೇ ಸತ್ಯ ಹೊರಬೀಳುತ್ತದೆ. ಹೀಟರನ್ನು ಆಳುವುದಕ್ಕೂ ತಾಪಮಾನವನ್ನು ದಾಖಲಿಸುವುದಕ್ಕೂ ಒಂದೇ ಥರ್ಮೋಕಪಲ್ (ಎರಡು ಲೋಹದ ತಂತಿಗಳ ತಾಪ ಸೆನ್ಸರ್) ಸಾಕು ಎಂಬ ಪದ್ಧತಿಯನ್ನು ಇಂಥ ಡ್ರೈಯರ್‌ನ ಮುಂದೆಯೇ ನಿಲ್ಲಿಸಿ ತೂಗಬೇಕು.

ಅದರ ಅನುಕೂಲ ಅಲ್ಲಗಳೆಯುವಂಥದ್ದಲ್ಲ. ಒಂದೇ ರಂಧ್ರ, ಒಂದೇ ತಂತಿ, ಕಡಿಮೆ ಖರ್ಚು. ಆದರೆ ಹೀಟರ್ ಆಳುವ ಕಂಟ್ರೋಲರ್‌ನ ಟರ್ಮಿನಲ್‌ನಿಂದ ತಾಮ್ರದ ತಂತಿ ಎಳೆದು ತಾಪ ದಾಖಲಿಸುವ ಲಾಗರ್‌ಗೆ ಸಿಕ್ಕಿಸಿದ ಕೂಡಲೇ ತೊಂದರೆ ಶುರು. ಥರ್ಮೋಕಪಲ್ ಹೇಳುವುದು ತನ್ನ ಬಿಸಿ ತುದಿಗೂ ತಂಪು ತುದಿಗೂ ಇರುವ ವ್ಯತ್ಯಾಸವನ್ನು ಮಾತ್ರ. ತಂಪು ತುದಿಯ ತಾಪವನ್ನು ಉಪಕರಣವೇ ಅಳೆದು ಕೂಡಿಸಿಕೊಳ್ಳಬೇಕು. ಹಾವೇರಿಯ ಏಪ್ರಿಲ್‌ನಲ್ಲಿ ಕಂಟ್ರೋಲ್ ಪ್ಯಾನೆಲ್ 45 ಡಿಗ್ರಿಗೆ ಕಾದಿದೆ, ಮೇಜಿನ ಮೇಲಿನ ಲಾಗರ್ 32 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಡ್ರೈಯರ್‌ನ ಗಾಳಿ ನಿಜವಾಗಿ 43 ಇದ್ದರೆ ಲಾಗರ್ ತೋರಿಸುವುದು 30. ಅದನ್ನು ನಂಬಿದ ಆಪರೇಟರ್ ಸೆಟ್ ಪಾಯಿಂಟ್ ಏರಿಸಿದರೆ ಬೀಜದ ಕಥೆ ಮುಗಿಯಿತು.

ತಾಮ್ರದ ಬದಲು ಥರ್ಮೋಕಪಲ್‌ಗೆ ಹೊಂದುವ ಕಾಂಪೆನ್ಸೇಟಿಂಗ್ ಕೇಬಲ್ ಹಾಕಿದರೆ ಈ ದೋಷ ತಪ್ಪುತ್ತದೆ, ಇನ್ನೊಂದು ಉಳಿಯುತ್ತದೆ. ತಂತಿ ಕಡಿದಿದೆಯೇ ಎಂದು ತಿಳಿಯಲು ಅನೇಕ ಉಪಕರಣಗಳು ಸಣ್ಣ ವಿದ್ಯುತ್ ಹರಿಸುತ್ತವೆ. ಕೆ-ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. 100 ಓಮ್‌ನ ಉದ್ದ ತಂತಿಯಲ್ಲಿ ಒಂದು ಉಪಕರಣದ 1 ಮೈಕ್ರೋಆಂಪಿಯರ್ ಹರಿದರೂ ಕಂಟ್ರೋಲರ್, ಲಾಗರ್ ಎರಡರ ಓದಿನಲ್ಲೂ ಸುಮಾರು ಎರಡೂವರೆ ಡಿಗ್ರಿ ತಪ್ಪು ಸೇರುತ್ತದೆ.

ವೈರಿಂಗ್ ತಿದ್ದಬಹುದು, ಮೂಲದ ತಪ್ಪು ಸೆನ್ಸರ್ ಇರುವ ಜಾಗದಲ್ಲಿದೆ. ಹೀಟರ್ ಆಳುವ ಸೆನ್ಸರ್ ಬಿಸಿ ಗಾಳಿ ಒಳಬರುವ ಬಾಯಲ್ಲಿರಬೇಕು, ಇಲ್ಲದಿದ್ದರೆ ಅದಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ. ದಾಖಲೆಯ ಸೆನ್ಸರ್ ಬೀಜದ ರಾಶಿಯೊಳಗಿರಬೇಕು. ಹಸಿ ಬೀಜದಿಂದ ನೀರು ಆವಿಯಾಗುವಷ್ಟು ಹೊತ್ತು ಬೀಜ ಗಾಳಿಗಿಂತ ತಂಪಾಗಿರುತ್ತದೆ. ಒಣಗುತ್ತ ಬಂದಂತೆ ಗಾಳಿಯ ಬಿಸಿಗೆ ಹತ್ತಿರವಾಗುತ್ತದೆ. ಬೀಜಶಾಸ್ತ್ರದ ರೂಢಿಯ ಮಿತಿಯೂ ತೇವದ ಜೊತೆ ಬದಲಾಗುತ್ತದೆ: ತೇವಾಂಶ ಶೇ. 18ಕ್ಕಿಂತ ಹೆಚ್ಚಿದ್ದಾಗ 32 ಡಿಗ್ರಿ, 10ರಿಂದ 18ರ ನಡುವೆ 37, ಅದಕ್ಕಿಂತ ಕೆಳಗೆ 43. ಒಂದೇ ತುದಿ ಗಾಳಿಯ ಪ್ರಶ್ನೆಗೂ ಬೀಜದ ಪ್ರಶ್ನೆಗೂ ಉತ್ತರ ಕೊಡಲಾರದು. ಆ ತುದಿ ಜಾರಿ ಹೊರಬಿದ್ದರಂತೂ ಕಂಟ್ರೋಲರ್ ಹೀಟರನ್ನು ಪೂರ್ತಿ ಉರಿಸುತ್ತದೆ, ಲಾಗರ್ ಕೋಣೆಯ ತಾಪವನ್ನೇ ಶಾಂತವಾಗಿ ಬರೆದುಕೊಳ್ಳುತ್ತದೆ. ಲೆಕ್ಕ ಬರೆದವನೇ ಲೆಕ್ಕ ತಪಾಸಣೆಯನ್ನೂ ಮಾಡಿದಂತೆ.

ಕುಲುಮೆಗಳಿಂದ ರೂಢಿಯಾಗಿ ಬಂದ ಕೆ-ಟೈಪ್ ಇಲ್ಲಿಗೆ ತಕ್ಕದ್ದೂ ಅಲ್ಲ. ಎರಡನೇ ದರ್ಜೆಯ ಕೆ-ಟೈಪ್‌ಗೆ ಒಪ್ಪಿತ ವ್ಯತ್ಯಾಸವೇ ಎರಡೂವರೆ ಡಿಗ್ರಿ. ಮಿತಿಗಳ ನಡುವಿನ ಅಂತರ ಐದಾರು ಡಿಗ್ರಿ ಇರುವಲ್ಲಿ ಅದರಲ್ಲಿ ಅರ್ಧ ಇಲ್ಲೇ ಕರಗಿಹೋಗುತ್ತದೆ. ಮೊದಲ ದರ್ಜೆಯ ಟಿ-ಟೈಪ್ ಅರ್ಧ ಡಿಗ್ರಿಯೊಳಗೆ ನಿಲ್ಲುತ್ತದೆ. ಪ್ಲಾಟಿನಮ್‌ನ ಪಿಟಿ-100 ಸೆನ್ಸರ್ ಇನ್ನೂ ಒಳ್ಳೆಯದು.

ಬೀಜ ಬಿಟ್ಟು ಬ್ಯಾಡಗಿ ಮೆಣಸಿನಕಾಯಿ ಒಣಗಿಸುವುದಕ್ಕೆ ಬಂದರೆ ತೀರ್ಪು ಸ್ವಲ್ಪ ಸಡಿಲವಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಈ ಮೆಣಸಿನಕಾಯಿಯ ಬೆಲೆ ಅದರ ಕಡುಗೆಂಪಿನಲ್ಲಿದೆ. ಮೆಣಸಿನ ಸಾರ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗಳಿಗೆ ಬೇಕಾದದ್ದೂ ಅದೇ ಬಣ್ಣ. ಯಂತ್ರದಲ್ಲಿ 50ರಿಂದ 60 ಡಿಗ್ರಿಯಲ್ಲಿ ಒಣಗಿಸುವಾಗ ಬಣ್ಣ ಮಾಸುವುದು ಮೆಲ್ಲಗೆ, ಎರಡು ಡಿಗ್ರಿಯ ತಪ್ಪಿಗೆ ಸರಕು ಒಮ್ಮೆಲೇ ಹಾಳಾಗದು. ಅಲ್ಲಿ ಕಂಟ್ರೋಲರ್ ಓದಿದ್ದನ್ನೇ ಆರ್‌ಎಸ್-485 ಕೇಬಲ್ ಮೂಲಕ ದಾಖಲಿಸಿಕೊಂಡರೆ ಒಣಗಿಸುವ ಕ್ರಮ ಸುಧಾರಿಸಲು ಸಾಕು. ಅಂಕಿಯಾಗಿ ಹೋಗುವ ಮಾಹಿತಿಗೆ ಟರ್ಮಿನಲ್‌ನ ಬಿಸಿ ತಟ್ಟುವುದಿಲ್ಲ. ಒಂದೇ ಕವಚದಲ್ಲಿ ಎರಡು ಜೋಡಿ ತಂತಿಗಳಿರುವ ಡ್ಯುಪ್ಲೆಕ್ಸ್ ಥರ್ಮೋಕಪಲ್ ಕೂಡ ವೈರಿಂಗ್‌ನ ಜಗಳ ಬಿಡಿಸುತ್ತದೆ, ಜಾಗದ ಜಗಳ ಬಿಡಿಸದು.

ಬೀಜಕ್ಕೆ ಮಾತ್ರ ಈ ರಿಯಾಯಿತಿ ಸಲ್ಲದು. ಗಾಳಿಯ ಬಾಯಲ್ಲಿ ಒಂದು ಸೆನ್ಸರ್, ರಾಶಿಯ ನಡುವೆ ಬೇರೆ ಲಾಗರ್‌ಗೆ ಇನ್ನೊಂದು, ಇವೆರಡಕ್ಕೂ ಸಂಬಂಧವಿಲ್ಲದೆ ಹೀಟರ್‌ನ ವಿದ್ಯುತ್ ಕಡಿಯುವ ಒಂದು ಸುರಕ್ಷಾ ಥರ್ಮೋಸ್ಟಾಟ್: ಇದಕ್ಕಿಂತ ಕಡಿಮೆ ವ್ಯವಸ್ಥೆಯನ್ನು ಒಪ್ಪಬಾರದು. ಪ್ರಮಾಣಿತ ಮೆಣಸಿನ ಬೀಜ ಕನಿಷ್ಠ ಶೇ. 60 ಮೊಳೆಯಬೇಕು, ಟೊಮೆಟೊ ಶೇ. 70. ಲಾಟ್ ಅದಕ್ಕಿಂತ ಕೆಳಗೆ ಬಿದ್ದಾಗ ಅದು ಹೊಲದಲ್ಲಿ ಕೆಟ್ಟಿತೋ ಡ್ರೈಯರ್‌ನಲ್ಲಿ ಸತ್ತಿತೋ ಎಂಬ ಪ್ರಶ್ನೆ ಏಳುತ್ತದೆ. ಕಂಟ್ರೋಲರ್‌ನ ಮಾತನ್ನೇ ನಕಲು ಮಾಡಿದ ದಾಖಲೆ ಅದಕ್ಕೆ ಉತ್ತರಿಸದು. ಉತ್ತರವಿಲ್ಲದ ಕಡೆ ತಪ್ಪು ಬೆಳೆದವರ ತಲೆಗೇ ಬರುತ್ತದೆ. ಆದ್ದರಿಂದ ಎರಡನೆಯ ಸೆನ್ಸರ್‌ನ ಖರ್ಚನ್ನು ಯಂತ್ರದ ಬಿಡಿಭಾಗದ ಲೆಕ್ಕದಲ್ಲಿ ನೋಡದೆ ಬೀಜ ಬೆಳೆದವರಿಗೆ ಸಲ್ಲಬೇಕಾದ ನ್ಯಾಯದ ಭಾಗವೆಂದೇ ಎಣಿಸಬೇಕು, ಮತ್ತು ಆ ದಾಖಲೆಯ ಒಂದು ಪ್ರತಿ ಅವರ ಕೈಗೂ ಸಿಗಬೇಕು.